ಭಾನುವಾರದ ಹಳ್ಳದ ನೀರು

2019ರ ಜನವರಿಯಲ್ಲಿ ನಾನು ಬಾಳೆಹೊನ್ನೂರಿನಿಂದ ಆಚೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಆರೋಗ್ಯ ಸಹಾಯಕನಾಗಿದ್ದೆ. ಊರವರ ಬಾಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರು. ಎಲ್ಲಿ ಜ್ವರ, ವಾಂತಿ, ಭೇದಿ ಎದ್ದರೂ ಅಲ್ಲಿಗೆ ಹೋಗಿ, ಮನೆಮನೆ ವಿಚಾರಿಸಿ, ನೀರು ಪರೀಕ್ಷಿಸಿ, ವೈದ್ಯಾಧಿಕಾರಿಗೆ ವರದಿ ಕೊಡುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದೆ. ಬರೆದ ವರದಿಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಒಂದು ಮಾತ್ರ ಅಕ್ಷರ ಅಕ್ಷರವೂ ನೆನಪಿದೆ. ಅದನ್ನು ನಾನು ಹಗೆಯಿಂದ ಬರೆದಿದ್ದೆ.

ಹಗೆ ಒಬ್ಬ ಕಾಫಿ ಎಸ್ಟೇಟಿನ ಸಾಹುಕಾರರ ಮೇಲೆ. ಹೆಸರು ಬೇಡ, ಅವರ ಮೊಮ್ಮಕ್ಕಳು ಇದನ್ನು ಓದಿಯಾರು. ಹನ್ನೊಂದು ವರ್ಷ ಮೊದಲು ಲಾರ್ವಾ ಸಮೀಕ್ಷೆಗೆಂದು ಅವರ ಮನೆಗೆ ಹೋಗಿದ್ದೆ. ಲಾರ್ವಾ ಎಂದರೆ ಸೊಳ್ಳೆಯ ಮರಿ. ನಿಂತ ನೀರಿನಲ್ಲಿ ಕಂಡರೆ ಆ ನೀರನ್ನು ಚೆಲ್ಲಿಬಿಡಬೇಕು. ಹಿತ್ತಲಿನ ಡ್ರಮ್ಮಿನಲ್ಲಿ ಕಂಡಿತು, ಚೆಲ್ಲಿದೆ. ಸಾಹುಕಾರರು ಹೊರಗೆ ಬಂದವರೇ ಹಣ್ಣು ಕೊಯ್ಯುತ್ತಿದ್ದ ಆಳುಗಳನ್ನೆಲ್ಲ ಅಂಗಳಕ್ಕೆ ಕರೆಸಿದರು. "ಇವರೆಲ್ಲರ ಎದುರು ಕೈ ಮುಗಿದು ತಪ್ಪಾಯ್ತು ಅಂತ ಹೇಳಿ ಹೋಗು" ಎಂದರು. ಎದುರು ಮಾತಾಡಿದರೆ ವರ್ಗ ಮಾಡಿಸುವಷ್ಟು ಕೈ ಉದ್ದ ಇತ್ತು ಅವರದು. ನನ್ನ ಹೆಂಡತಿ ತುಂಬು ಗರ್ಭಿಣಿ. ಕೈ ಮುಗಿದೆ, ಹೇಳಿದೆ. ಆಳುಗಳಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಆ ಎಸ್ಟೇಟಿನ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಕಾಲೊನಿ ಇತ್ತು. ಮೂವತ್ತೆರಡು ಮನೆ, ಎಲ್ಲ ಕೂಲಿಯವರು. ಬೋರ್‌ವೆಲ್ ಕೆಟ್ಟು ಎರಡು ವರ್ಷವಾಗಿ, ಕುಡಿಯಲು ಹಳ್ಳದ ನೀರೇ ಗತಿ. ಅಲ್ಲಿಗೆ ಪ್ರತಿ ಭಾನುವಾರ ನರಸಿಂಹರಾಜಪುರದ ಕಡೆಯಿಂದ ಒಂದು ಸಣ್ಣ ಕ್ರೈಸ್ತ ಸಭೆಯವರು ಹಳೆಯ ಓಮ್ನಿಯಲ್ಲಿ ಬರುತ್ತಿದ್ದರು. ಪಾಸ್ಟರ್ ಪ್ರಭಾಕರ್ ಮೊದಲು ದರ್ಜಿಯಾಗಿದ್ದವರು. ಶೀಟಿನ ಚಪ್ಪರದಡಿ ಪ್ರಾರ್ಥನೆ, ಹಾಡು, ಆಮೇಲೆ ಎಲ್ಲರಿಗೂ ಅನ್ನ, ಸಾರು, ಮೊಟ್ಟೆ. ಪ್ರಾರ್ಥನೆಗೆ ಕೂರದವರಿಗೂ ತಟ್ಟೆ ಹಾಕುತ್ತಿದ್ದರು. ಹರಿದ ಶಾಲೆ ಬಟ್ಟೆಗಳನ್ನು ಪಾಸ್ಟರೇ ಕೂತು ಹೊಲಿದು ಕೊಡುತ್ತಿದ್ದರು. ಸೋರುವ ಮಾಡಿಗೆ ಟಾರ್ಪಾಲು, ಹೆರಿಗೆಗೆ ಕೊಪ್ಪದ ಆಸ್ಪತ್ರೆಗೆ ಗಾಡಿ, ಇವೂ ಅವರದೇ. ನಾನು ಅವರ ದೇವರಿಗೆ ಸೇರಿದವನಲ್ಲ. ಆದರೆ ಲಸಿಕೆಗೆ ಮಕ್ಕಳನ್ನು ಒಟ್ಟು ಹಾಕಲು ನನಗೆ ಅವರಷ್ಟು ಸಹಾಯ ಮಾಡಿದವರು ಬೇರೆ ಇಲ್ಲ.

ಆ ಜನವರಿಯಲ್ಲಿ ಎರಡು ಸೋಮವಾರ ಸಾಲಾಗಿ ಕಾಲೊನಿಯ ಮಕ್ಕಳಿಗೆ ವಾಂತಿ, ಹೊಟ್ಟೆನೋವು ಶುರುವಾಯಿತು. ಮೊದಲ ವಾರ ಆರು, ಎರಡನೆಯ ವಾರ ಹದಿನಾಲ್ಕು. ಬೆನ್ನಿಗೇ ಎಸ್ಟೇಟಿನ ರೈಟರನಿಂದ, ಅಂದರೆ ಆಳುಗಳ ಹಾಜರಿ ನೋಡಿಕೊಳ್ಳುವವನಿಂದ, ಒಂದು ದೂರು ಬಂತು. ಪಾದ್ರಿಯ ಅನ್ನ ತಿಂದು ಮಕ್ಕಳು ಮಲಗುತ್ತಿವೆ, ಊಟದ ಆಸೆ ತೋರಿಸಿ ಜನರ ಮತ ಕೆಡಿಸುತ್ತಿದ್ದಾರೆ, ಪೊಲೀಸ್ ಕೇಸು ಹಾಕಬೇಕು ಎಂದು. ವೈದ್ಯಾಧಿಕಾರಿಗಳು ವಿಚಾರಣೆ ಮುಗಿಯುವ ತನಕ ಊಟ ನಿಲ್ಲಿಸಲು ಹೇಳಿದರು. ಆ ನೋಟಿಸನ್ನು ನಾನೇ ಒಯ್ದು ಕೊಟ್ಟೆ. ಪಾಸ್ಟರ್ ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಆಯ್ತು ಸಾರ್, ಮಕ್ಕಳು ಹುಷಾರಾಗ್ಲಿ" ಎಂದಷ್ಟೇ ಹೇಳಿದರು.

ಮುಂದಿನ ಭಾನುವಾರ ಚಪ್ಪರದಡಿ ಒಲೆ ಉರಿಯಲಿಲ್ಲ. ಆದರೂ ಸೋಮವಾರ ಹನ್ನೊಂದು ಮಕ್ಕಳು ಮಲಗಿದವು. ಅನ್ನವಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಮಲಗಿದ್ದವರಲ್ಲಿ ಗುಲಾಬಿ ಎಂಬಾಕೆಯ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಗುಲಾಬಿ ಅದೇ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವವಳು, ನೇರ ಮಾತಿನ ಹೆಂಗಸು. ನೀರಿನ ಬಗ್ಗೆ ಕೇಳಿದೆ.

"ಬೇರೆ ದಿನ ಎಂತ ಇಲ್ಲ ಸಾರ್. ಭಾನುವಾರ ಮಾತ್ರ ಹುಳಿ ನಾತ ಹೊಡಿತದೆ. ಮೇಲೆ ಟ್ಯಾಂಕಿ ಬಿಡ್ತಾರಲ್ಲ" ಎಂದಳು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಪಲ್ಪರ್ ಎನ್ನುತ್ತಾರೆ. ಸುಲಿದ ಮೇಲೆ ಉಳಿಯುವ ಲೋಳೆ ನೀರು ಹುಳಿತು ನಾರುತ್ತದೆ. ಕುಡಿದರೆ ವಾಂತಿ, ತಲೆಸುತ್ತು. ಅದನ್ನು ಹೊಂಡದಲ್ಲೇ ಇಟ್ಟು ಶುದ್ಧಿ ಮಾಡಬೇಕು, ಹಳ್ಳಕ್ಕೆ ಬಿಡುವಂತಿಲ್ಲ. ಸಾಹುಕಾರರು ವಾರವಿಡೀ ಟ್ಯಾಂಕಿನಲ್ಲಿ ತುಂಬಿಟ್ಟು ಭಾನುವಾರ ಬಿಡುತ್ತಿದ್ದರು. ಏಕೆಂದರೆ ಭಾನುವಾರ ಕಚೇರಿಗಳಿಗೆ ರಜೆ, ನನ್ನಂಥವನು ಆ ಕಡೆ ಸುಳಿಯುವುದಿಲ್ಲ. ಸಭೆಯವರು ಬರುವುದೂ ಭಾನುವಾರವೇ. ಹೀಗಾಗಿ ಪಲ್ಪರಿನ ಪಾಪ ಪಾಸ್ಟರ ಅನ್ನದ ತಲೆಗೆ ಬಿತ್ತು.

ಇದು ಹೊಳೆದ ಕ್ಷಣ ನನಗೆ ಮೊದಲು ನೆನಪಾದದ್ದು ಮಕ್ಕಳಲ್ಲ. ಸುಳ್ಳು ಹೇಳುವುದಿಲ್ಲ. ಆ ಅಂಗಳ ನೆನಪಾಯಿತು. ಸಿಕ್ಕಿಬಿದ್ದೆಯಲ್ಲ ಮಗನೇ ಎಂದು ಬೈಕಿನ ಮೇಲೆ ಕೂತು ಒಬ್ಬನೇ ಜೋರಾಗಿ ನಕ್ಕೆ.

ಮರು ಭಾನುವಾರ ಬೆಳಿಗ್ಗೆ ಏಳಕ್ಕೇ ಹಳ್ಳದ ದಂಡೆಯಲ್ಲಿದ್ದೆ. ಒಂಬತ್ತೂವರೆಗೆ ನೀರು ಕಂದು ಬಣ್ಣಕ್ಕೆ ತಿರುಗಿತು, ನೊರೆ ಬಂತು. ಪಿಎಚ್ ಕಾಗದ ಅದ್ದಿದೆ. ನೀರು ಹುಳಿಯೋ ಅಲ್ಲವೋ ಎಂದು ಬಣ್ಣದಲ್ಲಿ ತೋರಿಸುವ ಪಟ್ಟಿ ಅದು. ಒಳ್ಳೆಯ ನೀರಿಗೆ ಹಸಿರು ಬರಬೇಕು, ಕಿತ್ತಳೆ ಬಂತು. ಬಾಟಲಿಗಳಿಗೆ ತುಂಬಿ ಸೀಲು ಮಾಡಿದೆ. ತೆರೆದ ವಾಲ್ವಿನ ಫೋಟೊ ತೆಗೆದೆ. ಪಾಸ್ಟರ್, ಗುಲಾಬಿ ಮತ್ತು ಇನ್ನಿಬ್ಬರ ಸಹಿ ಹಾಕಿಸಿ ಸ್ಥಳದಲ್ಲೇ ಮಹಜರು ಬರೆದೆ. ಅಷ್ಟು ಚಂದದ ಅಕ್ಷರ ನಾನು ಹೈಸ್ಕೂಲಿನಲ್ಲೂ ಬರೆದಿರಲಿಲ್ಲ.

ಸೋಮವಾರ ವೈದ್ಯಾಧಿಕಾರಿಗೆ ವರದಿ ಕೊಟ್ಟೆ. ಊಟದ ಮೇಲಿನ ನೋಟಿಸು ಮಂಗಳವಾರ ರದ್ದಾಯಿತು, ರೈಟರನ ದೂರು ಬಿದ್ದುಹೋಯಿತು. ನನ್ನ ಕೆಲಸ ನಿಜವಾಗಿ ಅಲ್ಲಿಗೆ ಮುಗಿದಿತ್ತು. ಆದರೆ ಅದೇ ವರದಿಯ ಇನ್ನೊಂದು ಪ್ರತಿ ನನ್ನ ಚೀಲದಲ್ಲಿತ್ತು. ಅದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಅದು ಹೋದರೆ ಪಲ್ಪರಿಗೆ ಬೀಗ.

ಸುದ್ದಿ ಹೇಗೋ ಮುಟ್ಟಿ, ಬುಧವಾರ ಸಾಹುಕಾರರು ತಾವೇ ಕಾಲೊನಿಗೆ ಇಳಿದು ಬಂದರು. ಚಪ್ಪರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎಸ್ಟೇಟಿನ ಒರತೆಯಿಂದ ಕಾಲೊನಿಗೆ ಪೈಪು ಎಳೆಸುತ್ತೇನೆ, ಎಂಟು ದಿನದಲ್ಲಿ ನಲ್ಲಿ ಬರುತ್ತದೆ, ಹಳ್ಳಕ್ಕೆ ಇನ್ನು ತೊಟ್ಟೂ ಬಿಡುವುದಿಲ್ಲ ಎಂದರು. ಪೈಪು ಆಗಲೇ ಜೀಪಿನಲ್ಲಿತ್ತು. ಬದಲಿಗೆ ಆ ಪ್ರತಿ ಹೋಗಬಾರದು.

ಪಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ಒಪ್ಕೊಳ್ಳಿ. ಬೇಸಗೆಗೆ ಹಳ್ಳ ಬತ್ತುತ್ತೆ. ನೀರು ಮನೆ ಬಾಗ್ಲಿಗೆ ಬರ್ತಾ ಇದೆ."

"ನಿಮ್ಮ ಮೇಲೆ ಕೇಸು ಹಾಕಿಸೋಕೆ ಹೊರಟಿದ್ದ ಮನುಷ್ಯ ಇವನು."

"ಅದನ್ನ ನಾನು ಬಿಟ್ಟಿದ್ದೀನಿ ಸಾರ್."

ನಾನು ಬಿಟ್ಟಿರಲಿಲ್ಲ. ಸಾಹುಕಾರರ ಎದುರು ಹೋಗಿ ನಿಂತು, ಅವರ ಅಂಗಳದಲ್ಲಿ ಕೈ ಮುಗಿದದ್ದನ್ನು ನೆನಪಿಸಿದೆ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. "ಯಾವಾಗ ಮಾರಾಯ? ನಂಗೆ ನೆನಪೇ ಇಲ್ಲ" ಎಂದರು. ನಾಟಕವಲ್ಲ. ನಿಜಕ್ಕೂ ನೆನಪಿರಲಿಲ್ಲ. ಹನ್ನೊಂದು ವರ್ಷ ನಾನು ಎದೆಯಲ್ಲಿಟ್ಟುಕೊಂಡು ಬೆಂದದ್ದು ಅವರಿಗೆ ಒಂದು ಬೆಳಗಿನ ಕೆಲಸವೂ ಆಗಿರಲಿಲ್ಲ. ಕ್ಷಮೆ ಕೇಳಿದ್ದರೆ ಕರಗುತ್ತಿದ್ದೆನೇನೋ, ಆ ಮಾತು ಕೇಳಿ ಮೈಯೆಲ್ಲ ಬೆಂಕಿಯಾಯಿತು. ಅಲ್ಲಿಂದ ನೇರ ಬಾಳೆಹೊನ್ನೂರಿಗೆ ಹೋಗಿ ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಎರಡು ವಾರದಲ್ಲಿ ಪಲ್ಪರಿಗೆ ಬೀಗ ಬಿತ್ತು. ಬೀಗ ನೋಡಲೆಂದೇ ರಜೆ ಹಾಕಿ ಹೋಗಿದ್ದೆ. ಸಾಹುಕಾರರು ಗೇಟಿನ ಬಳಿ ಅಧಿಕಾರಿಗಳ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಆ ದಿನದ ಖುಷಿಯನ್ನು ಇವತ್ತಿಗೂ ಯಾರಿಗೂ ಬಿಟ್ಟುಕೊಡಲಾರೆ.

ಪೈಪು ತುಂಬಿದ ಜೀಪು ವಾಪಸ್ ಹೋಗಿತ್ತು. ಒರತೆಯ ದಾರಿಗೆ ಬೇಲಿ ಬಿತ್ತು. ಕಾಲೊನಿಯವರನ್ನು ಆ ವರ್ಷ ಎಸ್ಟೇಟಿನ ಕೆಲಸಕ್ಕೆ ಕರೆಯಲಿಲ್ಲ. ಮಾರ್ಚಿನಲ್ಲಿ ಹಳ್ಳ ಬತ್ತಿತು. ಹೆಂಗಸರು ಒಂದೂವರೆ ಮೈಲು ಆಚೆಯ ಕೆರೆಯಿಂದ ನೀರು ಹೊತ್ತರು. ಪಾಸ್ಟರ್ ಓಮ್ನಿಯ ಹಿಂದಿನ ಸೀಟು ಕಿತ್ತುಹಾಕಿ, ಕ್ಯಾನುಗಳಲ್ಲಿ ದಿನಕ್ಕೆ ಮೂರು ಸಲ ನೀರು ತಂದರು. ಸರ್ಕಾರದ ನಲ್ಲಿ ಬಂದದ್ದು ಮಳೆಗಾಲ ಕಳೆದ ಮೇಲೆ. ಪಾಸ್ಟರ್ ನನ್ನನ್ನು ಒಂದು ದಿನವೂ ದೂರಲಿಲ್ಲ.

ದೂರಿದವಳು ಗುಲಾಬಿ. ಏಪ್ರಿಲಿನಲ್ಲಿ ಲಸಿಕೆ ಪೆಟ್ಟಿಗೆ ಹಿಡಿದು ಹೋದಾಗ ಕೊಡ ಇಳಿಸಿ, ಬೆವರು ಒರೆಸಿಕೊಂಡು ಕೇಳಿದಳು: "ನಿಮ್ಗೆ ಸಮಾಧಾನ ಆಯ್ತಾ ಸಾರ್? ನೀರು ನಮ್ದು, ಮಕ್ಳು ನಮ್ದು. ಕಾಗ್ದ ಹಾಕೋ ಮುಂಚೆ ನಮ್ಮತ್ರ ಒಂದ್ ಮಾತು ಕೇಳ್ಬೋದಿತ್ತಲ್ಲ?"

ನನ್ನ ವರದಿಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಮತ್ತೆ ಅಂಥದ್ದೇ ಸಂದರ್ಭ ಬಂದರೆ ಆ ಮನುಷ್ಯನನ್ನು ಸುಮ್ಮನೆ ಬಿಡುತ್ತೇನೆಂದೂ ಹೇಳಲಾರೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು: ಯಾರ ಹೆಸರಿನಲ್ಲಿ ಸೇಡು ತೀರಿಸುತ್ತೇವೋ ಅವರನ್ನು ಮೊದಲು ಕೇಳಬೇಕು. ಅವತ್ತು ಚಪ್ಪರದಡಿ ಗುಲಾಬಿ ನನ್ನಿಂದ ನಾಲ್ಕು ಮಾರು ದೂರದಲ್ಲೇ ನಿಂತಿದ್ದಳು. ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಅದು ಗೊತ್ತಿದ್ದೇ ನಾನು ಕೇಳಲಿಲ್ಲ.