ನಾನು ಹುಟ್ಟಿಸಿದ ಹುಡುಗಿಗೆ ಸೀಟಿಲ್ಲ

ಸೀಟು ಸಿಗುತ್ತೋ ಇಲ್ಲವೋ ಅಂತ ಫಾರಂ ನೋಡಿ ಹೇಳುವವರ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಗಿಣಿಶಾಸ್ತ್ರದವನ ಹತ್ತಿರ ಗಿಣಿಯಾದರೂ ಇರುತ್ತೆ. ಆದರೆ ಅಕ್ಕನ ಮಗಳು ಸಿಂಚನಾ ದೊಡ್ಡದೊಂದು ಲಿಬರಲ್ ಆರ್ಟ್ಸ್ ಕಾಲೇಜಿನ ಆಸೆ ಹಿಡಿದಿದ್ದಳು, ಕೈಯಲ್ಲಿದ್ದ ಬಿ.ಕಾಂ. ಸೀಟು ಬಿಡಬೇಕೋ ಬೇಡವೋ ಅಂತ ಮರುದಿನವೇ ಹೇಳಬೇಕಿತ್ತು. ಯಲಹಂಕದ ಸಲಹೆಗಾರ್ತಿಯೊಬ್ಬರ ಹತ್ತಿರ ಕರೆದುಕೊಂಡು ಹೋದೆ.

ಅವರನ್ನು ಪರೀಕ್ಷಿಸೋಣ ಅಂತ, ನಾನೇ ಕಲ್ಪನೆಯಲ್ಲಿ ಹುಟ್ಟಿಸಿದ ಹುಡುಗಿಯೊಬ್ಬಳ ಫಾರಂ ಮೊದಲು ಕೊಟ್ಟೆ. ವೀಣೆ, ಈಜು, ಅನಾಥಾಶ್ರಮದಲ್ಲಿ ಪಾಠ, ಎಲ್ಲದರಲ್ಲೂ ಫಸ್ಟು.

"ಇವಳಿಗೆ ಕಷ್ಟ," ಅಂದರು. "ಯಾರದೋ ಸೋದರಮಾವ ಕೂತು ಬರೆದ ಹಾಗಿದೆ."

ಕೆಮ್ಮಿ, ಸಿಂಚನಾಳ ಫಾರಂ ಮುಂದಿಟ್ಟೆ. ಹೆಸರಘಟ್ಟದ ಕಡೆಯವಳು, ದಿನಾ ಬೆಳಿಗ್ಗೆ ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಕಾಲೇಜಿಗೆ ಹೋಗ್ತಾಳೆ ಅಂತಿತ್ತು. ಅದು ಅಪ್ಪಟ ನಿಜ.

ಮೇಡಂ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಇದೂ ನಿಮ್ದೇ ಕಥೆ ಅಲ್ವಾ ಸಾರ್?"

ಸಿಂಚನಾ ಸಿಡುಕಿದಳು. "ಮಾವ ಹಸು ಹತ್ರಾನೂ ಬರಲ್ಲ ಮೇಡಂ, ಒಂದ್ಸಲ ಒದೆ ತಿಂದವ್ರೆ. ನೀರು ಬೆರೆಸಿದೀಯ ಅಂತ ಡೇರಿಲಿ ನನ್ನ ಹಾಲು ವಾಪಸ್ ಮಾಡಿದ್ರು. ಜಗಳ ಮಾಡಿ ಎಲ್ಲರ ಹಾಲೂ ಅಳೆಸ್ದೆ. ಡೇರಿ ಸೆಕ್ರೆಟರಿ ಮನೆ ಹಾಲೂ ನೀರು ಅಂತ ತೋರಿಸ್ತು. ಕೆಟ್ಟಿದ್ದು ಅವರ ಲ್ಯಾಕ್ಟೋಮೀಟರು!"

"ಇದನ್ನ ಯಾಕೆ ಬರೆದಿಲ್ಲ?"

"ಜಗಳಗಂಟಿ ಅಂದ್ಕೋತಾರೆ, ಬೇಡ ಅಂದ್ರು ಮಾವ."

"ಬರಿಯಮ್ಮ. ಗ್ಯಾರಂಟಿ ಕೊಡಲ್ಲ, ಆದ್ರೆ ಚಾನ್ಸಿದೆ."

ಸಿಂಚನಾ ಹೊರಗೆ ಬಂದವಳೇ ಬಿ.ಕಾಂ. ಸೀಟು ಬಿಟ್ಟಳು. ದೊಡ್ಡ ಕಾಲೇಜಿನ ಉತ್ತರ ಇನ್ನೂ ಬಂದಿಲ್ಲ. ಹೊಸ ಫಾರಂ ನಾನು ಸ್ವಲ್ಪ ತಿದ್ದಿಕೊಡಲಾ ಅಂದಿದ್ದಕ್ಕೆ ಮಾತ್ರ ಅವಳ ಉತ್ತರ ತಕ್ಷಣ ಬಂದಿತ್ತು.