ಮುಚ್ಚಳದ ಒಳಗಿನ ಕೆಂಪು ಅಂಕಿ

ನನ್ನ ಗಂಡನ ಹೆಸರು ಸಣ್ಣಸ್ವಾಮಿ. ಅವರು ಇದ್ದಾಗ ಈ ಹೆಸರನ್ನು ಒಂದು ಸಲವೂ ಬಾಯಲ್ಲಿ ಆಡಿದವಳಲ್ಲ. ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವರ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ನಾಲ್ವರು ಗಂಡುಮಕ್ಕಳಲ್ಲಿ ಇವರು ಕೊನೆಯವರು. ನೇಗಿಲು ಹಿಡಿಯಲು ಬಾರದವನು ಎಂದು ಅಣ್ಣಂದಿರು ಆಡಿಕೊಳ್ಳುತ್ತಿದ್ದರು. ಯುದ್ಧ ಬಂದಾಗ ಮಿಲಿಟರಿ ಸೇರಿದರು. ಅಸ್ಸಾಮಿನಲ್ಲಿ ಮೋಟಾರ್ ಸೈಕಲ್ ಮೇಲೆ ಕಾಗದ ಸಾಗಿಸುವ ಕೆಲಸ. ವಾಪಸು ಬಂದಾಗ ಅವರ ಪಾಲಿನ ಗದ್ದೆಯನ್ನು ಅಣ್ಣಂದಿರು ಉಳುತ್ತಿದ್ದರು. ಜಗಳವಾಡಲಿಲ್ಲ. ನನ್ನನ್ನು ಕರೆದುಕೊಂಡು ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿಗೆ ಬಂದರು. ಕೂಲಿಯವರ ಲೈನಿನ ಕೊನೆಯ ಮನೆ ಕೊಟ್ಟರು. ಮಕ್ಕಳಾಗಲಿಲ್ಲ.

ಎಸ್ಟೇಟಿನ ಟಪ್ಪಾಲು ಅವರ ಕೆಲಸ. ದಿನಾ ಮಡಿಕೇರಿಗೆ ಕಾಗದ ಒಯ್ಯಬೇಕು, ಅಲ್ಲಿಂದ ತರಬೇಕು. ಹೋಗಿ ಬರಲು ಇಪ್ಪತ್ತು ಮೈಲಿ. ಮೊದಲು ನಡೆದು ಹೋಗುತ್ತಿದ್ದರು. ಆಮೇಲೆ ಎಸ್ಟೇಟಿನ ಸಾಹುಕಾರರು ಮಿಲಿಟರಿ ಹರಾಜಿನಲ್ಲಿ ಒಂದು ಮೋಟಾರ್ ಸೈಕಲ್ ತಂದರು. ಓಡಿಸಲು ಇವರೊಬ್ಬರಿಗೇ ಬರುತ್ತಿತ್ತು. ಅಂದಿನಿಂದ ಅದು ಇವರದೇ ಆಯಿತು.

ಗಾಡಿಯ ವಿಷಯದಲ್ಲಿ ಅವರಿಗೆ ಮೈಲಿಯೇ ದೇವರು. ಇಷ್ಟು ಮೈಲಿಗೆ ಎಣ್ಣೆ, ಇಷ್ಟಕ್ಕೆ ಟಯರು. ಚೈನು ಹತ್ತು ಸಾವಿರ ಮೈಲಿಗೆ ಬದಲಾಗಬೇಕು. ಅದು ಮಿಲಿಟರಿಯ ಪಾಠ. "ಕಣ್ಣಿಗೆ ಮೋಸ ಆಗ್ತದೆ ಕಣಮ್ಮೀ, ಮೀಟ್ರಿಗೆ ಆಗಲ್ಲ" ಎನ್ನುತ್ತಿದ್ದರು.

೧೯೫೩ರ ಆಗಸ್ಟಿನಲ್ಲಿ ಒಂದು ದಿನ ಮೈಲಿ ತೋರಿಸುವ ಮೀಟರ್ ಕೆಟ್ಟಿದೆ ಎಂದರು. ಗಾಜಿನೊಳಗೆ ನೀರು ತುಂಬಿತ್ತು. ಮಡಿಕೇರಿಯ ಮೆಕ್ಯಾನಿಕ್ ಕುಟ್ಟಪ್ಪನವರು ಅದನ್ನು ಬಿಚ್ಚಿ ಹೊಸದು ಕೂರಿಸಿದರು. ಹೊಸದರಲ್ಲಿ ಎಲ್ಲ ಸೊನ್ನೆ. ಗಾಡಿಗೆ ವಯಸ್ಸಾಗಿತ್ತು, ಮೀಟರಿಗೆ ಆಗಿರಲಿಲ್ಲ. ಅದಕ್ಕೇ ಕುಟ್ಟಪ್ಪನವರು, ಆಗಿದ್ದ ಚೈನು ಹಾಕಿದ ಮೇಲೆ ಹಳೆ ಮೀಟರಿನಲ್ಲಿ ಎಷ್ಟು ಓಡಿದೆ ಎನ್ನುವುದನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಕೆಂಪು ಬಣ್ಣದಲ್ಲಿ ಬರೆದರು. ಹೊಸ ಮೀಟರಿನ ಅಂಕಿಗೆ ಆ ಅಂಕಿ ಕೂಡಿಸಬೇಕು. ಹತ್ತು ಸಾವಿರ ಆದ ದಿನ ಚೈನು ಬದಲಾಯಿಸಬೇಕು.

ಅಂಕಿಯ ಈ ಲೆಕ್ಕವನ್ನು ನನಗೆ ಯಾರೂ ಹೇಳಿರಲಿಲ್ಲ.

ಒಂದು ವಾರಕ್ಕೆ ಕೈಲ್ ಮುಹೂರ್ತ ಬಂತು. ಸಾಹುಕಾರರ ಮನೆಯಲ್ಲಿ ಕೋವಿ, ಕತ್ತಿ ಎಲ್ಲ ಇಟ್ಟು ಪೂಜೆ ಮಾಡುವ ಹಬ್ಬ. ಮೋಟಾರ್ ಸೈಕಲನ್ನೂ ತಂದು ನಿಲ್ಲಿಸು ಎಂದರು. ಹಿಂದಿನ ದಿನ ನಾನು ಅದನ್ನು ಹಬ್ಬದ ಪಾತ್ರೆ ಬೆಳಗಿದ ಹಾಗೆ ಬೆಳಗಿದೆ. ಮುಚ್ಚಳ ತೆರೆದೆ. ಕೆಂಪು ಗೀಚು ಕಂಡಿತು. ಅಂಕಿ ಎಂದು ಗೊತ್ತಾಯಿತು. ಗ್ಯಾರೇಜಿನವರು ತಮ್ಮ ಯಾವುದೋ ಲೆಕ್ಕ ಗೀಚಿದ್ದಾರೆ ಎಂದುಕೊಂಡೆ. ಪೂಜೆಗೆ ಹೋಗುವ ಆಯುಧದ ಮೇಲೆ ಕೊಳೆ ಇರಬಾರದು. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದೆ. ಹೋಯಿತು.

ಅವರು ಬಂದು ಮುಚ್ಚಳ ತೆರೆದು ನೋಡಿದರು.

"ಅಯ್ಯೋ, ಇದನ್ನೂ ತಿಕ್ಕಿಬಿಟ್ಯಾ?"

"ಕೊಳೆ ಇತ್ತು."

"ಆಯ್ತು ಬಿಡು. ತಲೇಲಿದೆ."

ಮತ್ತೆ ಬರೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಮರುವರ್ಷ ಜುಲೈ ಕೊನೆಗೆ, ಮಡಿಕೇರಿಯಿಂದ ಬರುವಾಗ, ಇಳಿಜಾರಿನ ತಿರುವಿನಲ್ಲಿ ಚೈನು ತುಂಡಾಗಿ ಹಿಂದಿನ ಚಕ್ರಕ್ಕೆ ಸಿಕ್ಕಿತು. ಅವರು ಮೋರಿಯ ಕಲ್ಲಿನ ಮೇಲೆ ಬಿದ್ದರು. ಬಸ್ಸಿನವರು ಎತ್ತಿ ತಂದರು. ಟಪ್ಪಾಲಿನ ಚೀಲ ಒದ್ದೆಯಾಗಿರಲಿಲ್ಲ.

ಗಾಡಿಯನ್ನು ಲಾರಿಯಲ್ಲಿ ತಂದು ಅರ್ಧ ದಿನ ಲೈನಿನ ಮುಂದೆ ಇಟ್ಟಿದ್ದರು. ಗಂಡನ ಮುಖ ನೋಡಿದ ಮೇಲೆ ನಾನು ಹೋಗಿ ಮೀಟರ್ ನೋಡಿದೆ. ಐದು ಸಾವಿರದ ಮುನ್ನೂರ ಅರವತ್ತು. ಚೈನು ತುಂಡಾಯಿತು ಎಂದು ಕೇಳಿದಾಗಲೇ ಆ ಕೆಂಪು ಅಂಕಿ ಏನೆಂದು ನನಗೆ ಹೊಳೆದಿತ್ತು. ಆದರೆ ಅದು ಎಷ್ಟಿತ್ತು ಎಂದು ನೆನಪಿಗೆ ಬರಲಿಲ್ಲ. ಎರಡೂ ಕೂಡಿದರೆ ಹತ್ತು ಸಾವಿರ ದಾಟುತ್ತಿದ್ದರೆ, ಅವರನ್ನು ಕೊಂದವಳು ನಾನು.

ದೇವರು ಕರೆದುಕೊಂಡ ಎಂದು ಎಲ್ಲರೂ ಅಂದರು. ಅಂಕಿಯ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಶಬ್ದ ಶುರುವಾಯಿತು. ಸಂಜೆ ನಾಲ್ಕಕ್ಕೆ, ಅವರು ಬರುವ ಹೊತ್ತಿಗೆ. ಗೇಟಿನ ಏರಿನಲ್ಲಿ ಗೇರು ಬದಲಾಗುತ್ತದೆ. ಗಾಡಿ ಬಂದು ಮನೆ ಮುಂದೆ ನಿಲ್ಲುತ್ತದೆ. ಇಂಜಿನ್ ಆರಿಹೋಗುತ್ತದೆ. ಆಮೇಲೆ ಏನೂ ಇಲ್ಲ. ಬಾಗಿಲು ಬಡಿಯುವುದಿಲ್ಲ, ಹೆಜ್ಜೆ ಇಲ್ಲ. ಹೊರಗೆ ನಿಂತಿದ್ದಾರೆ ಎಂದು ಮಾತ್ರ ಗೊತ್ತಾಗುತ್ತದೆ. ನಾನು ಚಿಲಕ ಹಾಕಿ ಒಲೆಯ ಹತ್ತಿರ ಕೂರುತ್ತಿದ್ದೆ.

ಪಕ್ಕದ ಮನೆಯ ಮಾರಿ ಒಂದು ದಿನ ಬಾಗಿಲು ಬಡಿದಳು.

"ಏನಕ್ಕಾ, ಬೆಳಕಿರುವಾಗ್ಲೇ ಚಿಲಕ? ಹೊಸ ಮದುಮಗಳಾ ನೀನು?"

"ಗಾಡಿ ಬಂತು ಮಾರಿ."

"ಗಾಡಿ ಕುಟ್ಟಪ್ಪನ ಗ್ಯಾರೇಜಲ್ಲಿ ಬಿದ್ದದೆ. ಮುಂದಿನ ಚಕ್ರಾನೇ ಇಲ್ಲ ಅದಕ್ಕೆ."

"ಬರ್ತದೆ. ಲೆಕ್ಕ ಕೇಳೋಕೆ ಬರ್ತಾರೆ."

ಅಂದು ಅವಳಿಗೆ ಎಲ್ಲ ಹೇಳಿದೆ. ಅವಳು ಒಲೆಗೆ ಒಂದು ಕೊಳ್ಳಿ ತಳ್ಳಿದಳು.

"ಆ ನಂಬರು ಬರೆದೋನು ಬದುಕವ್ನೆ. ಅವನ್ನ ಕೇಳು. ಒಲೆ ಮುಂದೆ ಕೂತ್ರೆ ಒಲೆ ಹೇಳ್ತದಾ?"

ಶುಕ್ರವಾರ ಮಡಿಕೇರಿಗೆ ಹೋದೆ. ಕುಟ್ಟಪ್ಪನವರು ನನ್ನನ್ನು ಕಂಡು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ದಿನ ಎಂತ ಬರ್ಲಿಲ್ಲ ಅಂತ ನೋಡ್ತಾ ಇದ್ದೆ."

ಅವರ ಮಾತು ನನಗೆ ತಿಳಿಯಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ. "ನೀವು ಬರೆದ ಅಂಕೀನ ನಾನು ತಿಕ್ಕಿ ಅಳಿಸ್ದೆ. ಎಷ್ಟಿತ್ತು ಹೇಳಿ."

ಅವರು ಗ್ಯಾರೇಜಿನ ಪುಸ್ತಕ ತೆಗೆದು ಪುಟ ತೋರಿಸಿದರು. ನಾಲ್ಕು ಸಾವಿರದ ನೂರು. ಅದರ ಕೆಳಗೆ ಐದು ಸಾವಿರದ ಮುನ್ನೂರ ಅರವತ್ತು ಬರೆದು ಕೂಡಿಸಿದರು. ಒಂಬತ್ತು ಸಾವಿರದ ನಾನ್ನೂರ ಅರವತ್ತು.

"ಹತ್ತು ಸಾವಿರ ಆಗಿಲ್ಲ" ಎಂದೆ. ಅಲ್ಲೇ ಒಂದು ಟಯರಿನ ಮೇಲೆ ಕೂತೆ.

"ಅದು ಪುಸ್ತಕದ ಲೆಕ್ಕ ಅಮ್ಮ" ಎಂದರು. "ನಿಜ ಅದಲ್ಲ. ನಾನು ಬಿಚ್ಚುವಾಗ ಹಳೆ ಮೀಟರಿನ ಒಳಗಿನ ತಂತಿ ತುಂಡಾಗಿ ತುಕ್ಕು ಹಿಡಿದಿತ್ತು. ಮೂರು ತಿಂಗಳಿಂದ ಅಂಕಿ ಓಡಿರ್ಲೇ ಇಲ್ಲ. ದಿನಾ ಇಪ್ಪತ್ತು ಮೈಲಿ. ಸಾವಿರದ ಐನೂರಕ್ಕೆ ಕಡಿಮೆ ಇಲ್ಲ. ಅದು ಸೇರಿದ್ರೆ ಹತ್ತು ಸಾವಿರ ದಾಟಿ ಆಗಿತ್ತು. ಅದನ್ನೂ ಸೇರಿಸಿ ಬರಿಬೇಕಿತ್ತು. ಮೀಟರಲ್ಲಿ ಕಂಡದ್ದಷ್ಟೇ ಬರ್ದೆ. ಉಳಿದದ್ದು ನೀನೇ ಕೂಡಿಸ್ಕೊ ಮಾರಾಯ ಅಂತ ಅವನಿಗೆ ಅಂದೆ. ಹ್ಞೂ ಅಂದ. ನೀವು ಅಳಿಸದೆ ಇದ್ರೂ ಆ ಬಣ್ಣ ಇನ್ನೂ ಟೈಮುಂಟು ಅಂತಲೇ ಹೇಳ್ತಿತ್ತು."

ಅವರು ನನ್ನ ಮುಖ ನೋಡದೆ ಚಿಂದಿ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದರು. ನಾನು ಬೈಯಲು ಬಂದಿದ್ದೇನೆ ಎಂದು ಅವರು ಎಣಿಸಿದ್ದರು.

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ನನ್ನ ತಲೆ ಮೇಲೆ ಹಾಕ್ಕೊಂಡು ನಿಮಗೆ ಸಮಾಧಾನ ಮಾಡುದಾ? ಮೂರು ತಿಂಗಳು ಮೀಟರ್ ನಿಂತದ್ದು ಅವ ಮನೆಯಲ್ಲಿ ಹೇಳಿರ್ಲಿಲ್ವಾ? ಎಸ್ಟೇಟಲ್ಲಿ ಗೊತ್ತಾದ್ರೆ ಹೊಸದು ಬರೋವರೆಗೆ ಗಾಡಿ ಶೆಡ್ಡಿಗೆ ಹಾಕಿ ಮತ್ತೆ ನಡೆದೇ ಹೋಗು ಅಂತಾರೆ ಅಂತ ಹೆದ್ರಿದ್ದ."

ಹೇಳಿರಲಿಲ್ಲ. ಅವರು ದಿನಾ ಸಂಜೆ ಒಳಗೆ ಕಾಲಿಡುವಾಗ ಅಂದಿನ ಮೈಲಿ ಹೇಳುತ್ತಿದ್ದರು. ಇಪ್ಪತ್ತು, ಇಪ್ಪತ್ತೊಂದು. ನನಗೆ ಅದು ಬೇಕಾಗಿರಲಿಲ್ಲ. ಹ್ಞೂ ಎಂದು ಕಾಫಿ ಕೊಡುತ್ತಿದ್ದೆ. ಮೀಟರ್ ಬದಲಾದ ವರ್ಷ ಜೂನಿನಿಂದ ಹೇಳುವುದು ನಿಲ್ಲಿಸಿದರು. ಒದ್ದೆ ಬಟ್ಟೆಯಲ್ಲಿ ಬಂದು ಸುಮ್ಮನೆ ಕೂರುತ್ತಿದ್ದರು. ಮಕ್ಕಳಿಲ್ಲದ ಹೆಂಡತಿ ಸಾಕಾಗಿದ್ದಾಳೆ ಎಂದು ನಾನು ತಿಳಿದುಕೊಂಡೆ. ನಾನೂ ಮಾತು ಬಿಟ್ಟೆ. ಮೂರು ತಿಂಗಳು ಒಂದೇ ಒಲೆಯ ಮುಂದೆ ಇಬ್ಬರೂ ಹಾಗೆ ಕೂತಿದ್ದೆವು. ಸುಳ್ಳು ಮೈಲಿ ಹೇಳುವವರಲ್ಲ, ಅದಕ್ಕೆ ಸುಮ್ಮನಿದ್ದರು.

ಕುಟ್ಟಪ್ಪನವರು ಕಾಫಿ ತರಿಸಿದರು. ಕುಡಿದೆ. ಅವರ ತಪ್ಪಿಲ್ಲ ಎಂದು ನಾನು ಹೇಳಲಿಲ್ಲ. ಹೇಳಲಿ ಎಂದು ಅವರು ಕಾದಂತೆ ಕಂಡಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ನಿಜ ಗೊತ್ತಾದ ಮೇಲೆ ಶಬ್ದ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಗಾಡಿ ಈಗ ರಿಪೇರಿಯಾಗಿ ಬಂದು ಲಿಂಗ ಎಂಬವನು ಓಡಿಸುತ್ತಾನೆ. ಅವನು ಮೂರಕ್ಕೇ ಬಂದುಬಿಡುತ್ತಾನೆ. ನಾಲ್ಕರದು ಬೇರೆ.

"ಈಗ್ಲೂ ಬರ್ತಾರಾ ಅಕ್ಕಾ?" ಎಂದು ಮಾರಿ ಕೇಳುತ್ತಾಳೆ.

"ಬರ್ತಾರೆ."

"ಚಿಲಕ ಹಾಕೋ ಸದ್ದು ಕೇಳ್ತಿಲ್ಲ ಇತ್ತೀಚ್ಗೆ."

"ಹೆದರಿಕೆ ಇಲ್ಲ ಈಗ. ಆ ಮೂರು ತಿಂಗಳು ಯಾಕ್ರೀ ಸುಮ್ಮನಿದೀರಿ ಅಂತ ಒಂದ್ ಮಾತು ಕೇಳ್ಲಿಲ್ಲವಲ್ಲ, ಅದಕ್ಕೆ ಹೊರಗೆ ಹೋಗಿ ಅವರ ಮುಂದೆ ನಿಲ್ಲೋಕೆ ನಾಚಿಕೆ."