ಮಣ್ಣಿಲ್ಲದ ಫ್ಲಾಸ್ಕಿನ ಶಾಂತಾಬಾಯಿ

ಶಾಂತಾಬಾಯಿಯವರ ದಿನ ಶುರುವಾಗುತ್ತಿದ್ದುದು ಮಣ್ಣೇ ಇಲ್ಲದ ಫ್ಲಾಸ್ಕಿನಿಂದ. ವಡೋದರಾದ ಗೋರ್ವಾದಲ್ಲಿದ್ದ ನಮ್ಮ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅವರು ಹಿರಿಯ ಕೆಮಿಸ್ಟ್. ರೈತರ ಮಣ್ಣಿಗೆ ಹಾಕುವ ರಾಸಾಯನಿಕಗಳನ್ನೇ ಖಾಲಿ ಫ್ಲಾಸ್ಕಿಗೂ ಹಾಕಿ, ಬ್ಯೂರೆಟ್ಟಿನ ಗಾಜುಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಕಡುನೀಲಿ ಹಸಿರಾಗುವವರೆಗೆ ಕದಲದೆ ನಿಲ್ಲುತ್ತಿದ್ದರು. ದ್ರಾವಣದ ಕಸುವು ದಿನದಿಂದ ದಿನಕ್ಕೆ ಇಳಿಯುತ್ತದೆ. ಇವತ್ತು ಎಷ್ಟಿದೆಯೆಂದು ತಿಳಿಯದೆ ಮಣ್ಣನ್ನು ಅಳೆದರೆ ಲೆಕ್ಕ ತಪ್ಪಿ, ಒಳ್ಳೆಯ ಮಣ್ಣೂ ಬಡವಾಗಿ ಕಾಣುತ್ತದೆ.

ಬಾಗಲಕೋಟೆಯವರು. ಗಂಡನ ರೈಲ್ವೆ ನೌಕರಿ ಇಲ್ಲಿಗೆ ಕರೆತಂದಿತ್ತು. ಊಟದ ಡಬ್ಬಿಯಲ್ಲಿ ಜೋಳದ ರೊಟ್ಟಿ; ಗುಜರಾತಿ ದಾಲಿಗೆ ಬೆಲ್ಲ ಹಾಕುವುದನ್ನು ಮೂವತ್ತು ವರ್ಷವಾದರೂ ಕ್ಷಮಿಸಿರಲಿಲ್ಲ. ಯೂರಿಯಾ ವಿಷವೆಂದು ಯಾರಾದರೂ ಭಾಷಣ ಶುರುಮಾಡಿದರೆ, ಉಪ್ಪಿಲ್ಲದೆ ಸಾರು ಮಾಡುತ್ತೀರೇನು, ಹಿಡಿ ಉಪ್ಪು ಹಾಕಿದರೆ ತಿನ್ನುತ್ತೀರೇನು ಎಂದು ಎರಡೂ ಕಡೆಯಿಂದ ಕೇಳುತ್ತಿದ್ದರು.

ನಾನೂ ಅವರ ಕಡೆಯವನೇ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಅವ್ವ ಕೂಲಿ ಮಾಡಿ ಓದಿಸಿದ ಬಿ.ಎಸ್ಸಿ. ಬಾಯಿಯವರ ಕೈಕೆಳಗಿನ ಸಹಾಯಕನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಿತ್ತನೆಯ ಗಡಿಬಿಡಿಯಲ್ಲಿ ಒಂದು ದಿನ ಖಾಲಿ ಫ್ಲಾಸ್ಕಿನ ಪರೀಕ್ಷೆ ಬಿಟ್ಟು, ಹಿಂದಿನ ದಿನದ ಅಂಕಿಯನ್ನೇ ಬರೆದುಬಿಟ್ಟೆ. ನನ್ನ ಮೇಲಿನ ನಂಬಿಕೆಯಿಂದ ಬಾಯಿಯವರು ಸಹಿ ಹಾಕಿದರು. ಬಾಗಿಲಲ್ಲೇ ಕಾದಿದ್ದ ಪಾದ್ರಾ ಕಡೆಯ ರೈತ ರಮಣ್‌ಭಾಯಿ ತನ್ನ ವರದಿ ಒಯ್ದ; ಉಳಿದವು ಇನ್ನೂ ಲ್ಯಾಬಿನಲ್ಲೇ ಇದ್ದವು.

ಮರುದಿನ ಬಾಯಿಯವರು ರಿಜಿಸ್ಟರ್ ತಿರುವಿದರು.

"ಹನ್ನೆರಡು ಊರಿನ ಮಣ್ಣು ಒಂದೇ ದಿನಕ್ಕ ಬಡವಾದುವೇನೋ ತಮ್ಮಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನೌಕರಿ ಹೋದರೆ ಅವ್ವನಿಗೆ ಏನು ಹೇಳಲಿ? ಆದರೂ ಹೇಳಿದೆ: "ಖಾಲಿ ಫ್ಲಾಸ್ಕ್ ಮಾಡ್ಲಿಲ್ರಿ, ಬಾಯಾರ."

ಬೈಯಲಿಲ್ಲ. ಪರ್ಸ್ ತೆಗೆದುಕೊಂಡರು. "ನಡಿ. ರಮಣ್‌ಭಾಯಿ ಆ ವರದಿ ನಂಬಿ ಹೆಚ್ಚಿಗಿ ಯೂರಿಯಾ ಹಾಕಿದ್ರ ಹತ್ತಿ ಬದಲಿ ಎಲಿ ಬೆಳೀತಾನ, ಹುಳಾ ಕರೀತಾನ."

ಪಾದ್ರಾದ ಬಸ್ಸು ಹಿಡಿದು ಅವನ ಊರಿಗೆ ಹೋದೆವು. ರಮಣ್‌ಭಾಯಿ ಯೂರಿಯಾ ಚೀಲಗಳನ್ನು ತಂದಿದ್ದ, ಹೊಲಕ್ಕೆ ಇನ್ನೂ ಹಾಕಿರಲಿಲ್ಲ. ತಪ್ಪು ನಮ್ಮದೆಂದು ಬಾಯಿಯವರು ಬಾಗಲಕೋಟೆ ರಾಗದ ಗುಜರಾತಿಯಲ್ಲಿ ಹೇಳಿದರು. ಅವನು ನಕ್ಕು, ಡಾಕ್ಟರೂ ತಪ್ಪಾಯಿತೆಂದು ಮನೆತನಕ ಬಂದದ್ದಿಲ್ಲ ಬೇನ್, ಅಂದ. ಚಹಾ ಕುಡಿಸಿಯೇ ಕಳಿಸಿದ.

ಮೇಲಿನವರಿಗೆ ಕೊಟ್ಟ ವಿವರಣೆಯಲ್ಲಿ, ಪರಿಶೀಲಿಸದೆ ಸಹಿ ಮಾಡಿದ್ದು ತಾನು ಎಂದಷ್ಟೇ ಬರೆದರು. ನನ್ನ ಹೆಸರಿರಲಿಲ್ಲ. ಮೂರು ತಿಂಗಳಲ್ಲಿ ನಾನು ಕಾಯಂ ಆದೆ. ಅವರಿಗೆ ಬರಬೇಕಿದ್ದ ಮುಖ್ಯಸ್ಥರ ಕುರ್ಚಿ ಬೇರೆಯವರಿಗೆ ಹೋಯಿತು.

ನಿವೃತ್ತಿಯ ನಂತರ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮಗಳ ಫ್ಲಾಟಿನಲ್ಲಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೆ ಒಂದು ತಿಂಗಳ ಮುಂಚೆ ಹೋಗಿದ್ದೆ. ಆಗಲೇ ಮಾತು ನಿಧಾನವಾಗಿತ್ತು. ಅಷ್ಟು ವರ್ಷ ಕೇಳಲಾಗದ್ದನ್ನು ಅವತ್ತು ಕೇಳಿದೆ: ನನ್ನ ಹೆಸರು ಯಾಕೆ ಬರೆಯಲಿಲ್ಲ?

"ನೀ ಮುಚ್ಚಿಟ್ಟಿದ್ರ ಬರೀತಿದ್ದೆ," ಅಂದರು.